ಮಣ್ಣಿನ ಬದಲು ಗಾಜು

ಬುಕ್ಕಾಂಬುಧಿ ಕೆರೆ ಹಿಂದಲ ಹಟ್ಟಿ
ಪ್ರಮಾದೀಚ ಸಂವತ್ಸರ, ಆಷಾಢ ಬಹುಳ ತದಿಗೆ (ಕ್ರಿ.ಶ. 1913)

ಚಿ|| ಸೌ|| ಯಲ್ಲಮ್ಮನಿಗೆ ನಿನ್ನ ಮಾವ ಬೀರಪ್ಪ ಮಾಡುವ ಆಶೀರ್ವಾದ.

ದೀಪ ಹಚ್ಚುವ ಹೊತ್ತು. ಇವತ್ತು ಮಳೆ ಹೊಳವಾಗಿತ್ತು. ಬೆಳಗಿನಿಂದ ಕುರಿಗಳ ಉಣ್ಣೆ ಕತ್ತರಿಸಿದೆವು. ಮಧ್ಯಾಹ್ನ ನಿನ್ನ ಚಿಕ್ಕಮಾವ ತಮ್ಮಯ್ಯ ಬಂದು ಕರಿ ಉಣ್ಣೆ, ಬಿಳಿ ಉಣ್ಣೆ ಬೇರೆ ಮಾಡಿಕೊಟ್ಟ. ಕೆಲಸ ಬೇಗ ಮುಗಿಯಿತು.

ನಿನ್ನನ್ನು ಕಡಲ ಸೀಮೆಯಲ್ಲಿ ಬಿಟ್ಟು ಬಂದದ್ದಕ್ಕೆ ಊರಿನವರು ಎದುರಿಗೆ ಏನೂ ಅನ್ನುವುದಿಲ್ಲ. ನಿನ್ನ ಅತ್ತೆ ಮಾತ್ರ ಅಂಗಳದಲ್ಲೇ ಕೇಳಿದಳು: "ಮಗನ್ನ ಕರ್ಕೊಂಡು ಬತ್ತೀನಿ ಅಂತ ಹೋದೋರು, ಸೊಸೇನೂ ಬಿಟ್ಬಂದ್ರಲ್ಲ?" ನಾನು ಕಾಲು ತೊಳೆದುಕೊಂಡು ಒಳಗೆ ಹೋದೆ. ಕೈ ಹಿಡಿದು ಎಳೆದರೂ ನೀನು ಬರಲಿಲ್ಲ ಎಂದು ಹೇಳಲಿಲ್ಲ. ಸುಣ್ಣ ಸುಡುವ ಆ ಮಾಸ್ತಮ್ಮ ಒಳ್ಳೆಯ ಮುದುಕಿ, ಅವಳ ಗುಡಿಸಲಿನಲ್ಲಿ ನಿನಗೆ ಭಯವಿಲ್ಲ ಎಂದಷ್ಟೇ ಹೇಳಿದೆ.

ಕೇಳಿದವರಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾಗಿದೆ. ಮಗ ಲಕ್ಕಣ್ಣ ಮಳೆಗಾಲಕ್ಕೆ ಮೊದಲು ಕಂಬಳಿ ಮಾರಲು ಹೋದ. ಹೊನ್ನಾವರದಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ಜೊತೆಯವರ ಹೆಣ ಸಿಕ್ಕಿತು, ಇವನದು ಸಿಗಲಿಲ್ಲ. ಸೊಸೆ ಅಲ್ಲೇ ಕಾಯುತ್ತಿದ್ದಾಳೆ. ಹೀಗೆ ಹೇಳುವಾಗ ಬೇರೆ ಯಾರದೋ ಮನೆಯ ಸುದ್ದಿಯಂತೆ ಕೇಳಿಸುತ್ತದೆ.

ನಿನ್ನೆ ದೊಡ್ಡಬೀರಪ್ಪನವರು ಬಂದಿದ್ದರು. ಕುಲದ ಹಿರಿಯರು, ಅವರನ್ನು ಮೀರಿ ನಮ್ಮಲ್ಲಿ ಏನೂ ನಡೆಯುವುದಿಲ್ಲವೆಂದು ನಿನಗೆ ಗೊತ್ತು. ಮಹಾಲಯ ಅಮಾವಾಸ್ಯೆಗೆ ತೀರಿಕೊಂಡವರಿಗೆ ಎಡೆ ಇಡುವಾಗ ಲಕ್ಕಣ್ಣನ ಹೆಸರು ಕರೆಯುವುದೋ ಬೇಡವೋ ಎಂದು ಕೇಳಿದರು.

"ಸತ್ತೋನಿಗೆ ಎಡೆ ಇಡ್ದಿದ್ರೆ ಹಸ್ಕೊಂಡು ಬಾಗ್ಲು ಬಾಗ್ಲು ತಿರುಗ್ತಾನೆ. ಬದುಕಿರೋನಿಗೆ ಇಟ್ರೆ ನಾವೇ ಕೊಂದಂಗೆ. ಯಾವ್ದು ಅಂತ ನೀನು ಹೇಳ್ಬೇಕಪ್ಪ" ಅಂದರು.

ನಾನು ಹೇಳಲಾರೆ. ದೂರದಲ್ಲಿ ಸತ್ತವರ ಗೋರಿಯಿಂದ ಒಂದು ಹಿಡಿ ಮಣ್ಣು ತಂದು, ಇಲ್ಲಿ ಹೂತು, ಆಮೇಲೆ ಎಡೆ ಇಡುವುದು ನಮ್ಮ ಪದ್ಧತಿ. ಆ ಮಣ್ಣನ್ನು ಕೊಡಬೇಕಾದವಳು ಹೆಂಡತಿ. ಅವಳು ಕೊಡದೆ ಯಾರೂ ಸತ್ತವರ ಸಾಲಿಗೆ ಸೇರುವುದಿಲ್ಲ. ಆದ್ದರಿಂದ ನಿನಗೇ ಬಿಟ್ಟಿದ್ದೇನೆ. ನಿನ್ನ ಮನಸ್ಸು ಒಪ್ಪಿದರೆ ಆ ಜಾಗದ್ದು ಅಂತ ಏನಾದರೂ ಕಳಿಸು. ಕಾಗದದಲ್ಲಿ ಬರೆಯಬೇಡ, ಇಂಥ ಮಾತನ್ನು ಮನೆಯವರು ತಮ್ಮ ಕೈಯಿಂದ ಬರೆಯಬಾರದು. ಕಳಿಸಿದರೆ ತಿಳಿದುಕೊಳ್ಳುತ್ತೇನೆ. ಒಪ್ಪದಿದ್ದರೆ ಏನೂ ಕಳಿಸಬೇಡ.

ಲಕ್ಕಣ್ಣನ ಮಗ್ಗದ ಕೆಳಗೆ ಕಾಲು ಬಿಡುವ ಕುಣಿಗೆ ನೀರು ಬಂದಿದೆ. ಕೆರೆ ತುಂಬಿದ ವರ್ಷ ಹಟ್ಟಿಯ ನೆಲದಲ್ಲಿ ಜೌಗು ಏಳುವುದು ಹೊಸದಲ್ಲ. ಆದರೆ ನನ್ನ ಮಗ್ಗವೂ ಅದೇ ಪಡಸಾಲೆಯಲ್ಲಿದೆ. ನನ್ನ ಕುಣಿ ಒಣಗಿಯೇ ಇದೆ.

ನಾಳೆ ಉಣ್ಣೆ ತೊಳೆಯಬೇಕು.

ಇತಿ,
ಬೀರಪ್ಪ


ಕಾಸರಕೋಡು, ಹೊನ್ನಾವರದ ಹತ್ತಿರ
ಶ್ರಾವಣ ಬಹುಳ ಪಂಚಮಿ

ಮಾವನವರ ಪಾದಕ್ಕೆ ಯಲ್ಲಮ್ಮನ ನಮಸ್ಕಾರ. ಅತ್ತೆಯವರಿಗೂ.

ನಿಮ್ಮ ಕಾಗದ ನೆನೆದು ಬಂತು. ಅಕ್ಷರ ಹರಡಿದ್ದವು. ನನಗೆ ಅಕ್ಷರ ಕಲಿಸುವಾಗ ನಿಮ್ಮ ಮಗ ಒಲೆಯ ಬೂದಿಯ ಮೇಲೆ ಬೆರಳಲ್ಲಿ ಬರೆಸುತ್ತಿದ್ದರು. ಹರಡಿದ ಅಕ್ಷರ ಓದುವುದು ನನಗೆ ಅಭ್ಯಾಸ.

ನಾನು ಸುಮ್ಮನೆ ಕೂತು ಉಣ್ಣುತ್ತಿಲ್ಲ. ಮಾಸ್ತಮ್ಮನ ಜೊತೆ ಕಡಲ ಬದಿಯಲ್ಲಿ ಚಿಪ್ಪು ಆರಿಸುತ್ತೇನೆ. ಗೂಡಿನಲ್ಲಿ ಸುಟ್ಟರೆ ಅದೇ ಸುಣ್ಣ. ಅಲೆ ಹಿಂದಕ್ಕೆ ಹೋದಾಗ ಬಗ್ಗಿ ಆರಿಸಬೇಕು, ಮುಂದಕ್ಕೆ ಬಂದಾಗ ಓಡಬೇಕು. ಮೊದಮೊದಲು ನನ್ನನ್ನು ನೋಡಿ ಎಲ್ಲರೂ ನಕ್ಕರು. "ಘಟ್ಟದ ಮೇಲಿನ ಹೆಣ್ಣು ಕೋಳಿ ಹಾಂಗೆ ಹಾರ್ತದೆ" ಅಂದರು.

ಚಿಪ್ಪಿನ ನಡುವೆ ಗಾಜು ಸಿಗುತ್ತದೆ. ಹಡಗಿನವರು ಎಸೆದ ಸೀಸೆ, ದೀಪದ ಚಿಮಣಿ, ಬಳೆ, ಏನೇನೋ. ಒಡೆದ ಗಾಜಿನ ಹಾಗೆ ಅದು ಹೊಳೆಯುವುದಿಲ್ಲ. ಮೇಲೆ ಮಂಜು ಕೂತ ಹಾಗೆ ಇರುತ್ತದೆ, ಅಂಚು ಮುಟ್ಟಿದರೆ ಕೊಯ್ಯುವುದಿಲ್ಲ. ಮೊದಲ ಸಲ ಸಿಕ್ಕಾಗ ಕಲ್ಲುಸಕ್ಕರೆ ಅಂದುಕೊಂಡೆ. ಮಾಸ್ತಮ್ಮ ಹೇಳಿದಳು: "ಕಡ್ಲಿಗೆ ಹಲ್ಲಿಲ್ಲ ಹೆಣ್ಣೇ, ನಾಲಿಗೆ ಮಾತ್ರ. ನೆಕ್ಕಿ ನೆಕ್ಕಿ ಹೀಂಗೆ ಮಾಡ್ತದೆ." ಇನ್ನೂ ಹೊಳೆಯುವ ಚೂರು ಸಿಕ್ಕರೆ ಇಟ್ಟುಕೊಳ್ಳಲು ಬಿಡುವುದಿಲ್ಲ. "ಅದು ಇನ್ನೂ ಆಗ್ಲಿಲ್ಲ, ತಿರುಗಿ ಹಾಕು" ಅನ್ನುತ್ತಾಳೆ.

ಇಲ್ಲಿಗೆ ಬರುವಾಗ ಹೊದ್ದುಕೊಂಡಿದ್ದ ನನ್ನ ಕರಿ ಕಂಬಳಿಯ ಮೇಲೆ ಆ ಗಾಜನ್ನು ಹೊಲಿಯುತ್ತಿದ್ದೇನೆ. ಗಾಜಿಗೆ ತೂತಿಲ್ಲವಲ್ಲ, ಸೂಜಿ ಎಲ್ಲಿ ಹೋಗಬೇಕು? ಮಾಸ್ತಮ್ಮ ಮೀನುಬಲೆಯ ಗಂಟು ತೋರಿಸಿಕೊಟ್ಟಳು. ಬಿಳಿ ಉಣ್ಣೆಯ ಎಳೆಯಿಂದ ಅಂಗೈಯಗಲದ ಬಲೆ ಹೆಣೆದು, ಗಾಜನ್ನು ಒಳಗೆ ಕೂರಿಸಿ, ಬಲೆಯ ಅಂಚನ್ನು ಕಂಬಳಿಗೆ ಹೊಲಿಯುವುದು. ಹಸಿರು ಗಾಜು ಕೆಳಗೆ, ತಿಳಿ ನೀಲಿ ಮೇಲೆ, ನೊರೆ ಬರುವಲ್ಲಿ ಬಿಳಿಯದು. ಕಡಲು ಹೇಗೆ ಕಾಣುತ್ತದೋ ಹಾಗೆ. ದೋಣಿ ಹಾಕಿಲ್ಲ. ಆ ಜಾಗ ಬಿಟ್ಟಿದ್ದೇನೆ. ಹೊನ್ನಾವರದ ಬಂಗಲೆಯ ದೊರೆಸಾನಿಯ ಆಳು ಬಂದು ಕಂಬಳಿ ಕೊಡುತ್ತೀಯಾ ಎಂದು ಕೇಳಿದ. ಮುಗಿದಿಲ್ಲ ಅಂದೆ.

ಕಡಲು ಇಳಿದ ಹೊತ್ತಿನಲ್ಲಿ ಹೋದರೆ ಮರಳಿನ ಮೇಲೆ ನನಗಿಂತ ಮುಂದೆ ಯಾರೋ ನಡೆದ ಹೆಜ್ಜೆ ಇರುತ್ತದೆ. ಎಡಗಾಲು ಸ್ವಲ್ಪ ಹೊರಕ್ಕೆ ತಿರುಗಿದ್ದು, ಮಗ್ಗ ತುಳಿದವರ ಕಾಲಿನ ಹಾಗೆ. ಮೀನುಗಾರರಲ್ಲಿ ಯಾರಿಗೋ ಅಂಥ ಕಾಲು ಇರಬಹುದು. ಆ ಹೆಜ್ಜೆಯ ಪಕ್ಕದಲ್ಲೇ ಗಾಜು ಹೆಚ್ಚು ಸಿಗುತ್ತದೆ.

ನೀವು ಕೇಳಿದ್ದಕ್ಕೆ ಉತ್ತರ: ಮನಸ್ಸು ಒಪ್ಪಿಲ್ಲ. ಒಪ್ಪಿದರೆ ನೀವು ಹೇಳಿದಂತೆ ಮಾಡುತ್ತೇನೆ.

ನಿಮ್ಮ ಸೊಸೆ,
ಯಲ್ಲಮ್ಮ


ಬುಕ್ಕಾಂಬುಧಿ ಹಟ್ಟಿ
ಆಶ್ವಯುಜ ಶುದ್ಧ ಬಿದಿಗೆ

ಚಿ|| ಯಲ್ಲಮ್ಮನಿಗೆ ಬೀರಪ್ಪನ ಆಶೀರ್ವಾದ.

ಕುರಿ ರೊಪ್ಪಕ್ಕೆ ಬಂದ ಹೊತ್ತು. ಇವತ್ತು ಎಡೆಯ ಪಾತ್ರೆಗಳನ್ನೆಲ್ಲ ತೊಳೆದು ಅಟ್ಟಕ್ಕೆ ಹಾಕಿದ್ದಾಯಿತು.

ತರೀಕೆರೆಯ ಕೊಬ್ಬರಿ ವ್ಯಾಪಾರಿ ಕಲ್ಲೇಶಪ್ಪ, ಅಮಾವಾಸ್ಯೆಗೆ ಮುಂಚಿನ ಅಜ್ಜಂಪುರದ ಸಂತೆಯಲ್ಲಿ ನನ್ನನ್ನು ಹುಡುಕಿಕೊಂಡು ಬಂದು, "ಹೊನ್ನಾವರದಲ್ಲಿ ನಿಮ್ಮ ಸೊಸೆ ಕೊಟ್ಟಳು" ಎಂದು ಗಂಟು ಕೈಗಿಟ್ಟು ಹೋದರು. ಬಿಳಿ ಬಟ್ಟೆ. ಬಿಚ್ಚುವುದಕ್ಕೆ ಮೊದಲೇ ತಿಳಿಯಿತು. ಒಳಗೆ ಗಾಜು, ಜೊತೆಗೆ ಕಾಗದವಿಲ್ಲ. ಬರೆಯಬೇಡ ಎಂದದ್ದು ನಾನೇ. ಸಂತೆಯ ನಡುವೆ ಉಣ್ಣೆಯ ಮೂಟೆಯ ಮೇಲೆ ಕೂತುಬಿಟ್ಟೆ. ಮಣ್ಣೇ ಇಲ್ಲದ ಕಡೆಯಿಂದ ನೀನು ಇನ್ನೇನು ಕಳಿಸಬಲ್ಲೆ?

ಹಿರಿಯರ ಮುಂದೆ ಗಂಟು ಬಿಚ್ಚಿದಾಗ ದೊಡ್ಡ ಮಾತೇ ಆಯಿತು.

"ಏನ್ಲಾ ಬೀರಾ ಇದು? ಮಣ್ಣು ಕೇಳಿದ್ರೆ ಬಳೆ ಚೂರು ಕಳಿಸವ್ಳೆ?" ಅಂದರು ದೊಡ್ಡಬೀರಪ್ಪನವರು.

"ಬಳೆ ಅಲ್ಲ ಕಣಣ್ಣ, ಕಡ್ಲು ತಿಂದ ಗಾಜು" ಅಂದ ತಮ್ಮಯ್ಯ.

"ಕಡ್ಲು ತಿಂದಿದ್ನ ನಾವು ಹೂಳೋದಾ? ಗಾಜು ಮಣ್ಣಾಗುತ್ತೇನ್ಲಾ?"

"ಬಳೆಗಾರನ್ನ ಕೇಳನ."

ಎಡೆಗೆ ಮೊದಲು ಹೆಂಗಸರಿಗೆ ಬಳೆ ತೊಡಿಸಲು ಬಂದಿದ್ದ ಬಳೆಗಾರ ಜಗುಲಿಯ ಮೇಲೇ ಇದ್ದ. ಅವನು, "ಮರಳು ಬೇಯಿಸಿದ್ರೆ ಗಾಜು ಕಣ್ರಪ್ಪ, ಅದ್ರಲ್ಲಿ ಏನೈತೆ?" ಅಂದ.

ದೊಡ್ಡಬೀರಪ್ಪನವರು ಒಂದು ಚೂರನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. "ಹಂಗಾದ್ರೆ ಬೆಂದ ಮಣ್ಣು. ಮಡಕೆ ಮಣ್ಣಲ್ವಾ? ಹಂಗೇ. ಏಳ್ರಿ, ಗುಂಡಿ ತೆಗೀರಿ."

ನಮ್ಮಪ್ಪನ ಗೋರಿಯ ಪಕ್ಕದಲ್ಲಿ ಹೂತೆವು. ಗಂಟು ಸಣ್ಣದು, ಗುಂಡಿಯೂ ಸಣ್ಣದು. ನಿನ್ನ ಅತ್ತೆಯನ್ನು ಒಪ್ಪಿಸುವುದು ಹೇಗೆಂದು ದಿಗಿಲಾಗಿತ್ತು. ಅವಳು ಜಗಳವಾಡಲಿಲ್ಲ. "ಆ ಹುಡ್ಗೀನೇ ಕೊಟ್ಮೇಲೆ ನಂದೇನೈತೆ" ಅಂದಳು. ಆದರೆ ಮಣ್ಣು ಹಾಕಲು ಕೈ ಮುಂದೆ ಮಾಡಲಿಲ್ಲ. ಅಮಾವಾಸ್ಯೆಗೆ ಕಂಬಳಿ ಗದ್ದುಗೆ ಹಾಸಿ, ಮುದ್ದೆ, ಅವರೆಕಾಳಿನ ಸಾರು, ಹೋಳಿಗೆ ಇಟ್ಟು, ನಮ್ಮಪ್ಪ ನಮ್ಮವ್ವನ ಜೊತೆಗೆ ಅವನ ಹೆಸರೂ ಕರೆದೆ. ಎಲ್ಲರ ಎಲೆಗೂ ಕಾಗೆ ಬಂತು.

ಅವತ್ತಿನಿಂದ ನಿನ್ನ ಅತ್ತೆ ಸಂಜೆ ಅವನ ಪಾಲಿನ ಮುದ್ದೆ ತೆಗೆದಿಡುವುದನ್ನು ಬಿಟ್ಟಿದ್ದಾಳೆ. ಇಷ್ಟು ದಿನ ಅದು ಬೆಳಿಗ್ಗೆ ನಾಯಿಗೆ ಹೋಗುತ್ತಿತ್ತು. ಈಗ ನಾಯಿ ಅವನ ಮಗ್ಗದ ಕುಣಿಯ ಕಡೆ ಮುಖ ಮಾಡಿ ಕೂರುತ್ತದೆ. ಕರೆದರೆ ಬಾಲ ಆಡಿಸುತ್ತದೆ, ಎದ್ದು ಬರುವುದಿಲ್ಲ. ಕುಣಿಯ ನೀರು ಇಳಿದಿಲ್ಲ. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡೆ. ಏನು ರುಚಿಯೆಂದು ಬರೆಯುವುದಿಲ್ಲ.

ನಿನಗೆ ಎಷ್ಟು ಕಷ್ಟವಾಗಿರಬೇಕೆಂದು ಬಲ್ಲೆ. ಇನ್ನು ಊರಿಗೆ ಬಾ. ಕರೆಯಲು ನಾನೇ ಬರುತ್ತೇನೆ. ಯಾವಾಗ ಎಂದು ಬರೆ.

ಇತಿ,
ಬೀರಪ್ಪ


ಕಾಸರಕೋಡು
ಆಶ್ವಯುಜ ಶುದ್ಧ ದಶಮಿ

ಮಾವ,

ಒಕ್ಕಣೆಯಲ್ಲಿ 'ಸೌ' ಇರಲಿಲ್ಲ. ಅದನ್ನು ನೋಡಿ, ಮುಂದೆ ಓದದೆ, ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡು ಸುಣ್ಣದ ಗೂಡಿನ ಹತ್ತಿರ ಕೂತೆ. ಮಾಸ್ತಮ್ಮ ಬೈದಳು. ಆಮೇಲೆ ಓದಿದೆ.

ನಾನು ಮಣ್ಣು ಕಳಿಸಿರಲಿಲ್ಲ.

ಅತ್ತೆ ಕಡಲು ನೋಡಿಲ್ಲ. ತರೀಕೆರೆಯಿಂದ ಆಚೆಗೆ ಹೋದವರೇ ಅಲ್ಲ. ನೋಡಲಿ ಎಂದು ಕಳಿಸಿದ್ದು. ಬೆಳಗಿನ ಕಡಲಿನ ಬಣ್ಣದ್ದು, ಮೋಡ ಕವಿದಾಗಿನದು, ನಿಮ್ಮ ಮಗ ಹೋದ ಅಳಿವೆಯ ನೀರಿನ ಬಣ್ಣದ್ದು, ಒಂದೊಂದನ್ನೂ ನೀರಿನ ಪಕ್ಕ ಹಿಡಿದು ನೋಡಿ ಆರಿಸಿದ್ದೆ. ದೀಪದ ಮುಂದೆ ಹಿಡಿದರೆ ಗೋಡೆಯ ಮೇಲೆ ನೀರು ಬಿದ್ದ ಹಾಗೆ ಕಾಣುತ್ತದೆ. ಅದನ್ನು ಅತ್ತೆಗೆ ತೋರಿಸಿ ಎಂದು ಕಲ್ಲೇಶಪ್ಪನವರಿಗೆ ಬಾಯಲ್ಲೇ ಹೇಳಿದ್ದೆ. ಅವರ ಗಾಡಿ ಹೊರಟುಬಿಟ್ಟಿತ್ತು, ಬರೆಯಲು ಹೊತ್ತಿರಲಿಲ್ಲ. ಬಟ್ಟೆ ಬಿಳಿಯದು ಯಾಕೆಂದರೆ ನನ್ನ ಹತ್ತಿರ ಬೇರೆ ಚಿಂದಿ ಇರಲಿಲ್ಲ.

ಒಪ್ಪದಿದ್ದರೆ ಏನೂ ಕಳಿಸಬೇಡ ಎಂದಿದ್ದಿರಿ. ಮರೆತದ್ದಲ್ಲ. ಅತ್ತೆಗೆ ಕೊಡುವುದೂ ಅದರಲ್ಲಿ ಸೇರುತ್ತದೆ ಎಂದು ತೋಚಲಿಲ್ಲ.

ಮೊನ್ನೆ ಸುಣ್ಣ ಕೊಳ್ಳಲು ಮಂಕಿಯಿಂದ ಬಂದ ಹೆಂಗಸು, ನನ್ನ ಕಂಬಳಿ ನೋಡಿ, "ಇಂಥದ್ದೇ ಹೊದ್ದ ಘಟ್ಟದ ಮೇಲಿನವ ಒಬ್ಬ ಮಳೆ ಹತ್ತಿದಾಗ ನಮ್ಮ ಬದಿಗೆ ಬಂದಿದ್ದ" ಅಂದಳು. ಬದುಕಿ ಬಂದನೋ ಹೇಗೋ, ಅವಳಿಗೆ ತಿಳಿಯದು. ಯಾರೋ ಹೇಳಿದ್ದನ್ನು ಕೇಳಿದವಳು. ಮಂಕಿ ಇಲ್ಲಿಂದ ದಕ್ಷಿಣಕ್ಕೆ ಅರ್ಧ ಹಗಲಿ‌ನ ದಾರಿ.

ಮಾವ, ಅವರು ಬದುಕಿದ್ದು ನೀವು ಎಡೆ ಇಟ್ಟಿದ್ದರೆ?

ನಾಳೆ ಬೆಳಕು ಹರಿಯುತ್ತಲೇ ಹೊರಡುತ್ತೇನೆ. ಮಾಸ್ತಮ್ಮನೂ ಬರುತ್ತಾಳೆ.

ಯಲ್ಲಮ್ಮ


ಬುಕ್ಕಾಂಬುಧಿ ಹಟ್ಟಿ
ಆಶ್ವಯುಜ ಬಹುಳ ಬಿದಿಗೆ

ಚಿ|| ಸೌ|| ಯಲ್ಲಮ್ಮನಿಗೆ.

ಈಗ ಮಧ್ಯಾಹ್ನ. ಬೆಳಿಗ್ಗೆ ಟಪಾಲಿನವನು ಹೊಲದಲ್ಲೇ ಕಾಗದ ಕೊಟ್ಟ. ರಾಗಿಯ ನಡುವೆ ನಿಂತೇ ಓದಿ, ಮನೆಗೆ ಬಂದು ನಿನ್ನ ಅತ್ತೆಗೆ ಇದ್ದದ್ದು ಇದ್ದಂತೆ ಹೇಳಿದೆ. ಮುಚ್ಚಿಡಲು ಆಗಲಿಲ್ಲ.

ಅವಳು ಮೊದಲು ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು. ಜ್ಯೇಷ್ಠದಿಂದ ಈಚೆಗೆ ಅವಳು ನಕ್ಕದ್ದು ಇವತ್ತೇ. "ನಂಗೆ ತೋರ್ಸೋಕೆ ಕಳಿಸಿದ್ನ ತಗೊಂಡೋಗಿ ಹೂತ್ರಲ್ಲ! ಏಳೇಳು ಹಳ್ಳಿ ಯಜಮಾನ್ರು ಸೇರ್ಕೊಂಡು! ಥೂ ನಿಮ್ಮ!" ಎನ್ನುತ್ತ ಕಳೆ ಕೀಳುವ ಕುರ್ಚಿಗೆ ತೆಗೆದುಕೊಂಡು ಗೋರಿಗಳ ಕಡೆ ಹೊರಟಳು. ನಾನೂ ಹಿಂದೆಯೇ ಹೋದೆ. ದಾರಿಯಲ್ಲಿ ದೊಡ್ಡಬೀರಪ್ಪನವರು ಅಡ್ಡ ಬಂದರು.

"ಈರಕ್ಕ, ಹೂತಿದ್ದು ತೆಗೀಬಾರ್ದು ಕಣವ್ವ."

"ಬದುಕಿರೋನ್ನ ಹೂಳಬೋದಾ?"

"ಎಡೆ ಇಟ್ಟಾಯ್ತಲ್ಲವ್ವ. ಕಾಗೆ ತಿಂದಾಯ್ತು. ಕಾಗೆ ಹೊಟ್ಟೇಲಿರೋದ್ನ ವಾಪಸ್ ತೆಗಿಯೋಕಾಗುತ್ತಾ?"

"ಕಾಗೆ ಹೊಟ್ಟೇದು ನಿಮ್ಗಿರ್ಲಿ. ಮಣ್ಣಲ್ಲಿರೋದು ನಂದು."

ತಾನೇ ಅಗೆದು ತೆಗೆದಳು. ಬಿಳಿ ಬಟ್ಟೆ ಕೊಳೆತಿತ್ತು, ಗಾಜಿಗೆ ಏನೂ ಆಗಿರಲಿಲ್ಲ. ಕೆರೆಯಲ್ಲಿ ತೊಳೆದು ತಂದು, ಒಂದೊಂದನ್ನೇ ಬಾಗಿಲ ಬಿಸಿಲಿಗೆ ಹಿಡಿದು ನೋಡುತ್ತಿದ್ದಾಳೆ. "ಕಡ್ಲು ಇಂಗೈತಾ?" ಎಂದು ಕೇಳಿದಳು. ಹೌದು ಅಂದೆ. "ಇಷ್ಟು ಚೆಂದ ಇದ್ರೆ ಯಾರು ತಾನೆ ಇಳಿಯಲ್ಲ" ಅಂದಳು. ನನಗೆ ಅಲ್ಲಿ ನಿಲ್ಲಲಾಗದೆ ಇಲ್ಲಿ ಬಂದು ಇದನ್ನು ಬರೆಯುತ್ತಿದ್ದೇನೆ.

ಯಲ್ಲಮ್ಮ, ನಾನು ಆತುರಪಟ್ಟೆ. ಆ ಬಿಳಿ ಬಟ್ಟೆಯನ್ನು ನೋಡಿದಾಗ ದುಃಖದ ಜೊತೆಗೆ ಮೈ ಹಗುರವೂ ಆಗಿತ್ತು. ಇನ್ನು ಕಾಯುವುದು ಬೇಡ ಅನ್ನಿಸಿತ್ತು. ನನ್ನ ಮಗನಿಗೆ ನಾನೇ ಬಾಗಿಲು ಹಾಕಿದಂತಾಯಿತೇ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ.

ಮಂಕಿಯಲ್ಲಿ ಏನಾಯಿತು? ಕೂಡಲೇ ಬರೆ. ಏನಿದ್ದರೂ ಬರೆ. ಸಂಜೆ ನಿನ್ನ ಅತ್ತೆ ಮತ್ತೆ ಮುದ್ದೆ ತೆಗೆದಿಡುತ್ತಾಳೆ, ನನಗೆ ಗೊತ್ತು.

ಬೀರಪ್ಪ


ಕಾಸರಕೋಡು
ಆಶ್ವಯುಜ ಬಹುಳ ನವಮಿ

ಮಾವನವರಿಗೆ ಯಲ್ಲಮ್ಮನ ನಮಸ್ಕಾರ.

ಮಂಕಿಯಿಂದ ಬಂದು ಕೆಲವು ದಿನವಾಯಿತು. ಬರೆಯಲು ಕೂತು ಕೂತು ಎದ್ದೆ.

ಅಲ್ಲಿ ತಿಮ್ಮಪ್ಪ ಅಂತ ಒಬ್ಬರು, ಮೀನುಗಾರರು. ಊರವರು ಅವರ ಮನೆ ತೋರಿಸಿದರು. ಮನೆಯೊಳಗೆ ಬಾಣಂತಿ ಮಗಳು ಇದ್ದಳು. ಮಗುವನ್ನು ಕಂಬಳಿಯಲ್ಲಿ ಸುತ್ತಿ ಮಲಗಿಸಿದ್ದಳು. ಕಂಬಳಿಯ ಅಂಚಿನಲ್ಲಿ ಜೋಡಿ ಬಿಳಿ ಎಳೆ ಇತ್ತು. ನಾನು ನೂತದ್ದು. ನೂಲು ನನ್ನ ಕೈಯಲ್ಲಿ ಸ್ವಲ್ಪ ದಪ್ಪ ಸ್ವಲ್ಪ ಸಣ್ಣ ಬರುತ್ತದೆ ಎಂದು ಅತ್ತೆ ಯಾವಾಗಲೂ ಬೈಯುತ್ತಿದ್ದರಲ್ಲ, ಹಾಗೇ ಇತ್ತು. ನಿಮ್ಮ ಮಗನ ಹೊದಿಕೆ ಅದು, ಮಾರುವ ಮಾಲಲ್ಲ.

ತಿಮ್ಮಪ್ಪನವರು ನನ್ನನ್ನು ಕೂರಿಸಿ ಹೇಳಿದರು. ಜೋರು ಮಳೆಯ ಒಂದು ಬೆಳಿಗ್ಗೆ ಕಡಲು ನಮ್ಮವರನ್ನು ದಡಕ್ಕೆ ತಂದಿತ್ತು. ತಲೆಯ ಮೇಲಿಂದ ಕೊಪ್ಪೆ ಹಾಕಿ ಎದೆಯ ಮೇಲೆ ಬಿಗಿದು ಕಟ್ಟಿದ್ದ ಕಂಬಳಿ ಹಾಗೇ ಇತ್ತು. ನೀರಿನಲ್ಲಿ ಗಂಟು ಬಿಚ್ಚಲು ಆಗಿರಲಿಲ್ಲ. ನೆಂದ ಕಂಬಳಿ ಎಷ್ಟು ಭಾರ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದರ ಮೇಲೆ ನಾನು ಇನ್ನೇನೂ ಬರೆಯಲಾರೆ.

ಯಾವ ಜಾತಿಯೋ, ಬೆಂಕಿಯೋ ಮಣ್ಣೋ ಎಂದು ಅವರಿಗೆ ತಿಳಿಯಲಿಲ್ಲವಂತೆ. ಮಳೆಯಲ್ಲಿ ಸೌದೆ ಹತ್ತದೆಂದು ಮಣ್ಣು ಕೊಟ್ಟರು. ನಮ್ಮ ಪದ್ಧತಿಯೇ ಆಯಿತು. ಕೇದಗೆಯ ಪೊದೆಯ ಹಿಂದೆ, ಅಲೆ ಬರದ ಎತ್ತರದಲ್ಲಿ. ಮೇಲೆ ಕಲ್ಲು ಇಟ್ಟಿದ್ದಾರೆ. ಹಬ್ಬದ ದಿನ ಆ ಮನೆಯ ಹೆಂಗಸರು ಅಲ್ಲಿ ಒಂದು ಹಿಡಿ ಅಕ್ಕಿ ಹಾಕುತ್ತಾರಂತೆ. "ಕಡಲು ನಮ್ಮ ಬದಿಗೆ ತಂದುಹಾಕಿದ ಮೇಲೆ ನಮ್ಮವನೇ ಅಲ್ದಾ?" ಅಂದರು. ನನಗೆ ಅಳು ಬಂದದ್ದು ಆಗಲೇ.

ಕಂಬಳಿಯನ್ನು ವಾಪಸು ಕೊಡಲು ಬಂದರು. ಒಣಗಿಸಿ, ಒಗೆದು, ಮಳೆಗಾಲದಲ್ಲಿ ಹುಟ್ಟಿದ ಮಗುವಿಗೆ ಬೆಚ್ಚಗಿರಲೆಂದು ಇಟ್ಟುಕೊಂಡಿದ್ದರು. ಮಗು ಅದರಲ್ಲಿ ನಿದ್ದೆ ಮಾಡುತ್ತಿತ್ತು. ಬೇಡ ಅಂದೆ. ಈ ಕಂಬಳಿಯ ಮಾತನ್ನು ಅತ್ತೆಗೆ ಹೇಳಬೇಡಿ.

ಇಂಥದ್ದನ್ನು ಮನೆಯವರು ತಮ್ಮ ಕೈಯಿಂದ ಬರೆಯಬಾರದು ಎಂದಿರಿ. ಬರೆಯದೆ ಹೋದದ್ದಕ್ಕೆ ಹೋದ ಸಲ ಏನಾಯಿತೆಂದು ಕಂಡೆವು. ಆದ್ದರಿಂದ ಬರೆಯುತ್ತೇನೆ. ಲಕ್ಕಣ್ಣ ಇಲ್ಲ. ಅವರ ಹೆಸರನ್ನು ನಾನು ಬಾಯಲ್ಲಿ ಯಾವತ್ತೂ ಆಡಿದ್ದಿಲ್ಲ. ಬರೆದದ್ದೂ ಇವತ್ತೇ ಮೊದಲು.

ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ಎಡೆ ಇಟ್ಟಾಗ ಅವರು ಹೋಗಿ ಎಷ್ಟೋ ದಿನವಾಗಿತ್ತು.

ಆ ಗೋರಿಯಿಂದ ಮಣ್ಣು ತೆಗೆದುಕೊಳ್ಳಲು ಕೈ ಚಾಚಿದೆ. ಅತ್ತೆ ಒಂದು ಸಲ ಅಗೆದು ತೆಗೆದಿದ್ದಾರೆ ಎಂದು ನೀವು ಬರೆದ ಕಾಗದ ಆಗ ಇನ್ನೂ ನನಗೆ ಸಿಕ್ಕಿರಲಿಲ್ಲ, ಆದರೂ ಕೈ ಹಿಂದಕ್ಕೆ ಬಂತು. ನಾನು ಏನು ಮಾಡಬೇಕು, ನೀವೇ ಹೇಳಿ. ಮರಳಿನ ಮೇಲೆ ಆ ಹೆಜ್ಜೆಗಳು ಈಗ ಇಲ್ಲ. ಗಾಜೂ ಅಷ್ಟು ಸಿಗುವುದಿಲ್ಲ. ಕಂಬಳಿಯ ಮೇಲೆ ಕಡಲನ್ನು ಹೊಲಿದು ಮುಗಿಸಿದೆ. ದಡ ಉಳಿದಿದೆ.

ಯಲ್ಲಮ್ಮ


ಬುಕ್ಕಾಂಬುಧಿ ಹಟ್ಟಿ
ಕಾರ್ತಿಕ ಶುದ್ಧ ದ್ವಾದಶಿ

ನನ್ನ ಮಗಳು ಯಲ್ಲಮ್ಮನಿಗೆ ಬೀರಪ್ಪನ ಆಶೀರ್ವಾದ.

ಹೊತ್ತು ಮುಳುಗಿ ದೀಪ ಹಚ್ಚಿದ್ದೇವೆ. ಇವತ್ತು ಹುಣಸೆಬೀಜದ ಗಂಜಿ ಬಳಿದು ಒಣಗಿಸಿದ್ದ ಕಂಬಳಿಯನ್ನು ಇಳಿಸಿ ಮಡಿಸಿದೆವು. ಪಡಸಾಲೆಯೆಲ್ಲ ಅದೇ ವಾಸನೆ.

ನಿನ್ನ ಕಾಗದ ಬಂದ ದಿನ ನಿನ್ನ ಅತ್ತೆ ಒಳಕಲ್ಲಿನ ಮುಂದೆ ಇದ್ದಳು. ಓದಿ ಹೇಳು ಎಂದು ಕೇಳಲಿಲ್ಲ. ನಾನೇ ಹೇಳಿದೆ: "ಅವನಿಗೆ ಅಲ್ಲಿಯೋರೇ ಮಣ್ಣು ಕೊಟ್ಟವ್ರೆ." ರುಬ್ಬುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಹಿಟ್ಟು ತೆಗೆದು, ಕಲ್ಲು ತೊಳೆದು, ಆಮೇಲೆ ಕೇಳಿದಳು:

"ಕಂಬಳಿ ಹೊದಿಸಿ ಮಲಗಿಸಿದ್ರಂತಾ?"

ನೀನು ಹೇಳಬೇಡ ಎಂದಿದ್ದೆ. ಸುಳ್ಳು ಹೇಳಲು ಬಾಯಿ ತೆರೆದೆ. ಇನ್ನೊಂದು ಸಲ ನಾನು ಅವಳಿಗೆ ತಪ್ಪಾಗಿ ಹೇಳಲಾರೆ ಅನ್ನಿಸಿ, ಮಗುವಿನ ವಿಷಯ ಹೇಳಿಬಿಟ್ಟೆ.

ಸೆರಗಿನಲ್ಲಿ ಕೈ ಒರೆಸಿಕೊಂಡಳು. ಆಗ ಅಳುತ್ತಾಳೆ ಅಂದುಕೊಂಡೆ.

"ಗಂಡಾ ಹೆಣ್ಣಾ?"

"ಬರೆದಿಲ್ಲ."

"ಅದ್ನೇ ಬರೀದೆ ಇನ್ನೇನು ಬರ್ದವ್ಳೆ ಆ ಹುಡ್ಗಿ!" ಎಂದು ನಿನ್ನ ಮೇಲೆ ರೇಗಿದಳು. ರೇಗುತ್ತ ರೇಗುತ್ತಲೇ ಅಳು ಬಂತು. ಅತ್ತಳು. ನಾನು ಪಕ್ಕದಲ್ಲಿ ಕೂತಿದ್ದೆ, ಅಷ್ಟೇ.

ಮಾರನೆಯ ದಿನ ದೊಡ್ಡಬೀರಪ್ಪನವರು ಬಂದು, "ನೋಡ್ದೇನವ್ವ, ಅವತ್ತು ಇಟ್ಟ ಎಡೆ ಸರಿಯಾಗೇ ಮುಟ್ಟೈತೆ" ಅಂದರು. "ಮುಟ್ಟಿದ್ರೆ ನಿಮ್ಗೇ ಮುಟ್ಟಿರ್ಬೇಕು ಮಾವ, ಹೋಳಿಗೆ ಯಾರು ಉಂಡಿದ್ದು ಅಂತ ನಂಗೊತ್ತಿಲ್ವಾ?" ಎಂದಳು. ಅವರು ನಕ್ಕು, ಕಣ್ಣೊರೆಸಿಕೊಂಡು, ಮುಂದೆ ಏನು ಮಾಡುತ್ತೀರಿ ಎಂದು ಕೇಳಿದರು. ಮಣ್ಣು ತರಿಸಿ ಮತ್ತೆ ಹೂಳುವ ಮಾತು ಅವರೇ ಎತ್ತಿದರು. ನಿನ್ನ ಅತ್ತೆ ಒಪ್ಪಲಿಲ್ಲ.

"ಒಂದ್ಸಲ ಮಣ್ಣು ಕೊಟ್ಟವ್ರೆ. ಮಲಗಿರೋನ್ನ ಚೂರು ಚೂರಾಗಿ ಯಾಕೆ ಎಬ್ಬಿಸ್ಬೇಕು? ಎಡೇನ ಅಲ್ಲಿಗೇ ತಗೊಂಡು ಹೋಗಾಣ."

ಹಾಗೆ ಯಾರೂ ಮಾಡಿಲ್ಲ ಎಂದು ತಮ್ಮಯ್ಯ ಅಂದ. ದೊಡ್ಡಬೀರಪ್ಪನವರು ಬಹಳ ಹೊತ್ತು ಗಡ್ಡ ನೀವಿಕೊಂಡು, "ಮಾಡಬಾರ್ದು ಅಂತಾನೂ ಯಾರೂ ಹೇಳಿಲ್ಲ" ಅಂದರು.

ನಿನ್ನ ಅತ್ತೆಯ ಇನ್ನೊಂದು ಹಟವಿತ್ತು. ಸತ್ತವನ ಹೊದಿಕೆ ಎಳೆಗೂಸಿಗೆ ಆಗದು, ಅದು ಅವನ ಮೇಲೇ ಇರಬೇಕು. ಬೆಚ್ಚಗಿದ್ದ ಮಗುವಿನಿಂದ ಬರಿದೇ ಕಿತ್ತುಕೊಳ್ಳಲೂ ಆಗದು. ಆದ್ದರಿಂದ ಮಗುವಿಗೆ ಬೇರೆ ಕಂಬಳಿ ಬೇಕು. ಮರಿಯ ಮೊದಲ ಕತ್ತರಿಯ ಉಣ್ಣೆಯನ್ನು ಆರಿಸಿ ಅವಳೇ ನೂತಳು. ನೇಯಲು ನಾನು ನನ್ನ ಮಗ್ಗಕ್ಕೆ ಹೋದರೆ, ಅಲ್ಲಲ್ಲ, ಅವನದರಲ್ಲಿ ಎಂದಳು. ಕುಣಿಯ ನೀರನ್ನು ಚೊಂಬಿನಲ್ಲಿ ತೋಡಿ ಹಾಕಿದಷ್ಟೂ ಮತ್ತೆ ಬರುತ್ತಿತ್ತು. ಕೊನೆಗೆ ಕಾಲನ್ನು ನೀರಿನಲ್ಲೇ ಬಿಟ್ಟುಕೊಂಡು ನೇಯ್ದೆ. ತುಳಿಯುವಾಗ ನೀರಿನೊಳಗೆ ನನ್ನ ಎಡಗಾಲಿನ ಪಕ್ಕದಲ್ಲಿ ಇನ್ನೊಂದು ಕಾಲು ತುಳಿಯುತ್ತಿದೆ ಅನ್ನಿಸಿತು. ಭಯವಾಗಲಿಲ್ಲ. ಎಳೆ ಎಲ್ಲೂ ಹರಿಯಲಿಲ್ಲ.

ನೀನು ಕಳಿಸಿದ ಗಾಜನ್ನು ನಿನ್ನ ಅತ್ತೆ ಆ ಕಂಬಳಿಯ ಅಂಚಿಗೆ ಕಟ್ಟಿದ್ದಾಳೆ. "ಕೊಯ್ಯಲ್ಲ, ಮಗೀಗೆ ಆಗುತ್ತೆ" ಎಂದು ಕೆನ್ನೆಗೆ ಉಜ್ಜಿ ನೋಡಿದಳು. ಮೀನುಬಲೆಯ ಗಂಟು ಅವಳಿಗೆ ಬರದು. ಕುರಿಮರಿಯ ಕೊರಳಿಗೆ ಗಂಟೆ ಕಟ್ಟುವ ಗಂಟನ್ನೇ ಹಾಕಿದ್ದಾಳೆ. ಸಾಲು ನೆಟ್ಟಗಿಲ್ಲ, ನೀನು ಸರಿಮಾಡುತ್ತೇನೆ ಎಂದರೂ ಮುಟ್ಟಲು ಬಿಡುವವಳಲ್ಲ, ಮೊದಲೇ ಹೇಳಿರುತ್ತೇನೆ.

ನೀನು ಊರಿಗೆ ಬರುವುದೋ ಅಲ್ಲೇ ಇರುವುದೋ ಎಂದು ನಾನು ಕೇಳುವುದಿಲ್ಲ. ನಿನ್ನ ಕೈಯ ಬಳೆಯ ಮಾತನ್ನೂ ಯಾರೂ ಎತ್ತದಂತೆ ನಿನ್ನ ಅತ್ತೆ ನೋಡಿಕೊಂಡಿದ್ದಾಳೆ. ನಮ್ಮನ್ನು ಮಂಕಿಗೆ ಕರೆದುಕೊಂಡು ಹೋಗು, ಅಷ್ಟು ಸಾಕು. ಈ ಕಾಗದ ನಿನಗೆ ನಮಗಿಂತ ಮೊದಲು ಸೇರುತ್ತದೋ ಇಲ್ಲವೋ ತಿಳಿಯದು. ನಿನ್ನ ಅತ್ತೆ ಅವರೆಕಾಳು, ಬೆಲ್ಲ, ರಾಗಿಹಿಟ್ಟು ಎಲ್ಲವನ್ನೂ ಮೂಟೆ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಾಳೆ. ಕಡಲಿನ ಹತ್ತಿರ ರಾಗಿ ಸಿಗುವುದಿಲ್ಲವೆಂದು ಯಾರೋ ಹೇಳಿದ್ದಾರೆ.

ನಾಳೆ ಬೆಳಿಗ್ಗೆ ಅಜ್ಜಂಪುರದಲ್ಲಿ ರೈಲು ಹತ್ತುತ್ತೇವೆ. ಬೀರೂರಿನಲ್ಲಿ ಇಳಿದು ಶಿವಮೊಗ್ಗದ ಗಾಡಿಗೆ ಕಾಯಬೇಕು. ಕುರಿಗಳನ್ನು ತಮ್ಮಯ್ಯ ಮೇಯಿಸುತ್ತಾನೆ.

ಇತಿ,
ಬೀರಪ್ಪ